ಇಪ್ಪತ್ತೆರಡು ನಿಮಿಷದ ಕಥೆ

ದೊಡ್ಡವರಿಗೇ ಐದು ನಿಮಿಷ ಸುಮ್ಮನಿರಲು ಬರುವುದಿಲ್ಲ. ನಮ್ಮ ಕಾಯುವ ಕೋಣೆಗೆ ಬಂದು ನೋಡಿ, ಒಬ್ಬೊಬ್ಬ ಅಪ್ಪನ ಮೊಣಕಾಲೂ ಕುಣಿಯುತ್ತಿರುತ್ತದೆ. ಅಂಥವರೇ ಮಕ್ಕಳಿಗೆ ಬುದ್ಧಿ ಹೇಳುವುದು. ಕಂಡರೆ ನನಗೆ ಮೈ ಉರಿಯುತ್ತದೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಆರ್‌ಐ ಯಂತ್ರವಿದೆ. ಅದರ ಕೊಳವೆಯೊಳಗೆ ಪುಟ್ಟ ಮಕ್ಕಳನ್ನು ಮಿಸುಕದಂತೆ ಮಲಗಿಸುವುದು ನನ್ನ ಕೆಲಸ. ಮಿಸುಕಿದರೆ ಚಿತ್ರ ಕಲಸಿಹೋಗುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಮೊದಲೆಲ್ಲ ಎಲ್ಲ ಮಕ್ಕಳಿಗೂ ಅರಿವಳಿಕೆ ಕೊಟ್ಟೇ ಒಳಗೆ ಕಳಿಸುತ್ತಿದ್ದರು. ನಾನು ಬಂದಮೇಲೆ ಮುಕ್ಕಾಲು ಪಾಲು ಮಕ್ಕಳು ಎಚ್ಚರವಾಗಿದ್ದುಕೊಂಡೇ ಹೋಗಿ ಬರುತ್ತಿದ್ದಾರೆ. ಜಂಬ ಅನ್ನಿ ಬೇಕಾದರೆ.

ನನ್ನ ಉಪಾಯ ಬಹಳ ಸರಳ. ಯಂತ್ರದ ಸದ್ದುಗಳಿಗೆ ಒಂದು ಕ್ರಮವಿದೆ: ಮೊದಲು ಬಾಗಿಲು ಬಡಿದಂತೆ ಟಕಟಕ, ಆಮೇಲೆ ಗೋಡೆ ಕೊರೆದಂತೆ ಗೊರ್ರ್, ಕೊನೆಗೆ ಲಾರಿ ಹಾರನ್ನು. ಆ ಪಟ್ಟಿಯನ್ನು ಅಮ್ಮನ ಕೈಗೋ ಅಪ್ಪನ ಕೈಗೋ ಕೊಟ್ಟು, ಸದ್ದಿಗೆ ಸರಿಯಾಗಿ ಒಂದು ಕಥೆ ಕಟ್ಟಿಸಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮಗು ಒಳಗೆ ಮಲಗಿ ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತದೆ. ಟಕಟಕ ಬಂದಾಗ ಕಥೆಯಲ್ಲಿ ಬಡಗಿ ಬಂದರೆ ಮಗುವಿಗೆ ಭಯವೆಲ್ಲಿಯದು? ಪಕ್ಕದ ಕೋಣೆಯಲ್ಲಿ ರಟ್ಟಿನ ಕೊಳವೆಯೊಂದಿದೆ, ಮೊದಲು ಅದರಲ್ಲಿ ಮಲಗಿಸಿ ಅಭ್ಯಾಸ ಮಾಡಿಸುತ್ತೇನೆ. ಅಪ್ಪಂದಿರ ಕಥೆಗಳು ಸಾಮಾನ್ಯವಾಗಿ ಏಳನೇ ನಿಮಿಷಕ್ಕೇ ಮುಗಿದುಹೋಗುತ್ತವೆ. ಆಮೇಲೆ ಕೆಮ್ಮುತ್ತ ಕೂರುತ್ತಾರೆ.

ವಕೀಲನ ಅಮ್ಮ ಹಾಗಲ್ಲ. ವಕೀಲ ಎಂದರೆ ಅವಳ ಐದು ವರ್ಷದ ಮಗ. ಪ್ರಶ್ನೆ ಹಾಕಿ ಹಾಕಿ ಜೀವ ತಿನ್ನುತ್ತಾನೆಂದು ಅವಳೇ ಇಟ್ಟ ಹೆಸರು. ಅವನ ತಲೆಯ ಹಿಂಭಾಗದಲ್ಲಿದ್ದ ಗಡ್ಡೆ ತೆಗೆದಿದ್ದರು. ಅದು ಮತ್ತೆ ಬೆಳೆಯುತ್ತಿದೆಯೋ ಎಂದು ಮೂರು ತಿಂಗಳಿಗೊಮ್ಮೆ ನೋಡಬೇಕಿತ್ತು. ಅವಳು ಒಂದೇ ಉಸಿರಿಗೆ ಇಪ್ಪತ್ತೆರಡು ನಿಮಿಷದ ಕಥೆ ಹೇಳಿದಳು: ಪೈಪಿನೊಳಗೆ ಹೊಕ್ಕ ಇರುವೆ, ಒಳಗೊಬ್ಬ ಬಡಗಿ, ಕೊನೆಗೆ ಲಾರಿ ಓಡಿಸುವ ಜಿರಲೆ. ಹೇಳುತ್ತ ಹೇಳುತ್ತ ತಾನೇ ನಕ್ಕಳು. ಆ ನಗುವೂ ರೆಕಾರ್ಡಾಯಿತು. ಆ ಸಲ ವಕೀಲ ಬೊಂಬೆಯ ಹಾಗೆ ಮಲಗಿದ್ದ.

ಮುಂದಿನ ಸಲ ಅವನನ್ನು ಕರೆತಂದವರು ಅಪ್ಪ ಮತ್ತು ಅಜ್ಜಿ, ಅಂದರೆ ಅಮ್ಮನ ಅಮ್ಮ. ಅಪ್ಪ ನನ್ನನ್ನು ಮೂಲೆಗೆ ಕರೆದು ಹೇಳಿದ: "ಅವಳು ಹೋಗಿಬಿಟ್ಲು ಮೇಡಂ. ಎರಡೇ ದಿನದ ಜ್ವರ. ಒಂದೂವರೆ ತಿಂಗಳಾಯ್ತು."

ನಾನು ತಿರುಗಿ ವಕೀಲನ ಕಡೆ ನೋಡಿದೆ.

"ಇವನಿಗೆ ಗೊತ್ತಿಲ್ಲ. ಅಮ್ಮ ಆಸ್ಪತ್ರೇಲಿದಾಳೆ ಅಂದಿದೀವಿ. ಬಾಯೇ ಬರ್ತಿಲ್ಲ ನಂಗೆ."

ಅಷ್ಟರಲ್ಲಿ ವಕೀಲ ಬಂದು ನನ್ನ ಕೋಟಿನ ತುದಿ ಎಳೆದ. "ಇರುವೆ ಕಥೆ ಹಾಕ್ತೀರಲ್ವಾ? ಅಮ್ಮಂದು?"

ಅಪ್ಪನನ್ನೇ ಒಂದು ಹೊಸ ಕಥೆ ಹೇಳಲು ಕೂರಿಸಿದೆ. ಎರಡು ವಾಕ್ಯ ಹೇಳಿ ಮೈಕು ಪಕ್ಕಕ್ಕೆ ಸರಿಸಿಬಿಟ್ಟ. ಅರಿವಳಿಕೆ ಕೊಡೋಣವೆಂದರೆ ಮಗುವಿಗೆ ನೆಗಡಿ, ಎದೆಯಲ್ಲಿ ಕಫ. ಅರಿವಳಿಕೆಯ ಡಾಕ್ಟರು ಆಗುವುದೇ ಇಲ್ಲ ಎಂದರು. ಮುಂದಕ್ಕೆ ಹಾಕುವ ಹಾಗೂ ಇರಲಿಲ್ಲ. ವಾರದಿಂದ ಹುಡುಗ ಬೆಳಿಗ್ಗೆ ಎದ್ದಕೂಡಲೇ ವಾಂತಿ ಮಾಡುತ್ತಿದ್ದ, ಚಿತ್ರ ಇವತ್ತೇ ಬೇಕಿತ್ತು.

"ಅವಳದ್ದೇ ಹಾಕಿಬಿಡಿ," ಎಂದ ಅಪ್ಪ.

ಹಾಕಿದೆ. ನಿಜ ಹೇಳಬೇಕೆಂದರೆ, ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ಅನಿಸಿತು. ಸತ್ತ ತಾಯಿಯಿಂದ ಮಗುವಿಗೆ ಇಷ್ಟಾದರೂ ಸಿಗಲಿ ಎಂದುಕೊಂಡೆ.

ಯಂತ್ರ ನಡೆಸುವವನನ್ನು ನಾವು ಗಡಿಯಾರ ಎನ್ನುತ್ತೇವೆ. ಗಾಜಿನ ಈಚೆ ಅವನ ಪಕ್ಕ ಕೂತೆ. ಮಗು ಭಯಪಟ್ಟರೆ ತಿಳಿಯಲೆಂದು ಒಳಗಿನ ಮೈಕು ಯಾವಾಗಲೂ ಚಾಲೂ ಇರುತ್ತದೆ. ಸದ್ದಿನ ನಡುವಿನ ಬಿಡುವಿನಲ್ಲಿ ಹೆಡ್‌ಫೋನಿನಿಂದ ಸೋರಿದ ಅವಳ ದನಿ ನಮ್ಮ ಕೋಣೆಗೆ ಸಣ್ಣಗೆ ಬರುತ್ತಿತ್ತು. ಒಮ್ಮೆ ನಕ್ಕಳು. ಗಡಿಯಾರ ನನ್ನ ಮುಖ ನೋಡಿದ. ವಕೀಲ ಮಾತ್ರ ಒಂದಿಷ್ಟೂ ಮಿಸುಕಲಿಲ್ಲ.

ಇಪ್ಪತ್ತನೇ ನಿಮಿಷಕ್ಕೆ ನನಗೆ ನೆನಪಾಯಿತು.

ಪ್ರತಿ ಕಥೆಯ ಕೊನೆಗೂ ನಾನು ಒಂದು ಮಾತು ಬರೆದುಕೊಡುತ್ತೇನೆ, ಎಲ್ಲರೂ ಅದನ್ನು ಓದಿಯೇ ಏಳಬೇಕು. "ನಾನು ಬಾಗಿಲ ಹೊರಗೇ ಇದ್ದೀನಿ. ಕಣ್ಣು ಮುಚ್ಕೊಂಡು ಹಾಗೇ ಇರು. ಮುಗಿದ ತಕ್ಷಣ ನಾನೇ ಬಂದು ಎಬ್ಬಿಸ್ತೀನಿ." ಹಾರನ್ನು ನಿಂತಮೇಲೂ ಅರ್ಧ ನಿಮಿಷ ಮಕ್ಕಳು ಏಳಬಾರದಲ್ಲ, ಅದಕ್ಕೆ. ಸಾವಿರ ಸಲ ಕೇಳಿ ಕೇಳಿ ಅದು ನನ್ನ ಕಿವಿಗೆ ಬೀಳುವುದೇ ನಿಂತುಹೋಗಿತ್ತು.

"ನಿಲ್ಸು," ಎಂದೆ. "ಕಥೆ ನಿಲ್ಸಬೇಕು."

"ಹುಚ್ಚಾ ನಿಮ್ಗೆ?" ಎಂದ ಗಡಿಯಾರ. "ಗಡ್ಡೆ ಇದ್ದ ಜಾಗ ಈಗ ಬರ್ತಿದೆ. ದನಿ ನಿಂತ್ರೆ ಎದ್ದು ಕೂರ್ತಾನೆ. ಇನ್ನೆರಡು ನಿಮಿಷ."

ನನ್ನ ಬೆರಳು ಗುಂಡಿಯ ಮೇಲಿತ್ತು. ಅದನ್ನು ತೆಗೆದೆ. ಯಾರೂ ನನ್ನ ಕೈ ಹಿಡಿದಿರಲಿಲ್ಲ, ನಾನೇ ತೆಗೆದೆ. ಹಾರನ್ನು ನಿಂತಿತು. ಆ ನಿಶ್ಶಬ್ದದಲ್ಲಿ ಅವಳು ನನ್ನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

ಮಂಚ ಹೊರಗೆ ಜಾರಿ ಬಂತು. ಚಿತ್ರಕ್ಕಾಗಿ ತಲೆಯ ಸುತ್ತ ಕೂರಿಸಿದ್ದ ಪಂಜರ ತೆಗೆದೆ, ಹೆಡ್‌ಫೋನು ತೆಗೆದೆ. "ಆಯ್ತು ವಕೀಲರೇ, ಕೇಸು ಗೆದ್ರಿ!" ಎಂದೆ. ಅವನು ಕಣ್ಣು ಬಿಡಲಿಲ್ಲ. ಕೈ ಪಕ್ಕಕ್ಕೆ, ಕಾಲು ನೆಟ್ಟಗೆ. ಮುಖದಲ್ಲಿ ಸಣ್ಣ ನಗು.

"ಏಳು ಮರಿ."

"ನೀವಲ್ಲ," ಎಂದ, ತುಟಿ ಮಾತ್ರ ಆಡಿಸಿ.

ಅಪ್ಪ ಬಂದು ಹಣೆ ಮುಟ್ಟಿದ. "ನೀನಲ್ಲ. ಅಮ್ಮ ಬರ್ತಾಳೆ," ಎಂದ ವಕೀಲ.

ಐದು ನಿಮಿಷವಾಯಿತು. ಹತ್ತಾಯಿತು. ಆ ಕೋಣೆ ಯಂತ್ರಕ್ಕಾಗಿ ಯಾವಾಗಲೂ ತಣ್ಣಗಿರುತ್ತದೆ, ಅವನ ಪಾದ ಮಂಜಿನಂತಾಗಿತ್ತು. ಅಪ್ಪ ಎತ್ತಿಕೊಳ್ಳಲು ಬಾಗಿದರೆ ಹುಡುಗ ಮೈಯನ್ನು ಕೊರಡು ಮಾಡಿಕೊಂಡ. ಆಗ ನಾನು ಇನ್ನೊಂದು ತಪ್ಪಿಗೆ ಕೈಹಾಕಿದೆ. ಅಜ್ಜಿಯನ್ನು ಪಕ್ಕಕ್ಕೆ ಕರೆದು, "ನಿಮ್ಮ ದನಿ ಥೇಟ್ ಅವರದ್ದೇ. ಒಂದೇ ಒಂದ್ಸಲ ಏಳು ಅಂದ್ಬಿಡಿ," ಎಂದೆ.

ಅಜ್ಜಿ ನನ್ನನ್ನು ನೋಡಿದ ನೋಟ ಇಂದಿಗೂ ಬೆನ್ನು ಬಿಟ್ಟಿಲ್ಲ. "ಸತ್ತ ಮಗಳ ಬಾಯಲ್ಲಿ ನಾನು ಹೇಗೆ ಮಾತಾಡ್ಲಿ ತಾಯಿ?" ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, "ಹೇಳಪ್ಪ. ಇನ್ನು ಸಾಕು," ಎಂದರು.

ಅವನು ಮಂಚದ ಪಕ್ಕ ಮಂಡಿಯೂರಿದ. ಮಗುವಿನ ಕಿವಿಯ ಹತ್ತಿರ, ನೇರವಾಗಿಯೇ ಹೇಳಿದ. ಅಮ್ಮ ಸತ್ತುಹೋದಳು ಕಂದಾ, ಯಾವ ಆಸ್ಪತ್ರೆಯಲ್ಲೂ ಇಲ್ಲ, ಇನ್ನು ಬರುವುದಿಲ್ಲ ಎಂದ. ಹೇಳುವಾಗ ಅವನ ದನಿ ನಡುಗಲಿಲ್ಲ, ಅದಕ್ಕೆ ನಾನು ಅವನಿಗೆ ಋಣಿ.

ವಕೀಲ ಕಣ್ಣು ಬಿಟ್ಟ. "ಒಂದ್ಸಲ ಕೆಮ್ಮು ಬಂತು," ಎಂದ. "ತಡ್ಕೊಂಡೆ. ಆದ್ರೂ ಒಂಚೂರು ಅಲ್ಲಾಡಿರ್ಬೇಕು. ಅದಕ್ಕೇನಾ ಅಮ್ಮ ಬರಲ್ಲ?"

ಅಲ್ಲ ಎಂದೆವು, ಮೂವರೂ ಒಟ್ಟಿಗೆ. ನಂಬಲಿಲ್ಲ. ವಕೀಲನಿಗೆ ಸಾಕ್ಷಿ ಬೇಕು. ಅಪ್ಪನ ತೋಳಲ್ಲೇ ಗಾಜಿನ ಈಚೆಗೆ ಕರೆತಂದು, ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸಿ ತೋರಿಸಿದೆ. ಅಲುಗಿದರೆ ಗೆರೆ ಗೆರೆ ಬರುತ್ತದೆ, ಇಲ್ಲಿ ನೋಡು, ಎಲ್ಲೂ ಗೆರೆಯಿಲ್ಲ. ಗಡ್ಡೆಯಿದ್ದ ಜಾಗವೂ ಖಾಲಿಯಿತ್ತು. ಡಾಕ್ಟರು ಸಂಜೆ ಅದನ್ನೇ ಹೇಳಿದರು, ವಾಂತಿ ಅವನು ತೆಗೆದುಕೊಳ್ಳುತ್ತಿದ್ದ ಒಂದು ಔಷಧಿಯಿಂದ ಎಂದರು. ಹುಡುಗ ಒಂದೂ ಬಿಡದೆ ಎಲ್ಲ ಚಿತ್ರ ನೋಡಿದ.

"ಅಲ್ಲಾಡೇ ಇಲ್ಲ ಹಾಗಾದ್ರೆ."

"ಒಂಚೂರೂ ಇಲ್ಲ."

"ಮತ್ತೆ, ಬರ್ತೀನಿ ಅಂತ ಅಮ್ಮ ಸುಳ್ಳು ಹೇಳಿದ್ಲಾ?"

ಅಪ್ಪ ಮುಖ ತಿರುಗಿಸಿದ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ನಗುನಗುತ್ತ ಕಥೆ ಹೇಳಿದವಳು ಮಗನ ಕಣ್ಣಲ್ಲಿ ಸುಳ್ಳಿಯಾಗುವುದನ್ನು ನೋಡಲಾರದೆ ಹೋದೆ.

"ಅಮ್ಮ ಸುಳ್ಳು ಹೇಳ್ಲಿಲ್ಲ ಮರಿ. ಅದು ಅಮ್ಮನ ಮಾತಲ್ಲ, ನಂದು. ನಾನು ಬರೆದುಕೊಟ್ಟು ಹೇಳಿಸಿದ್ದು."

ಅವನು ಅಪ್ಪನ ಹೆಗಲಿಂದ ತಲೆಯೆತ್ತಿ ನನ್ನನ್ನು ನೋಡಿದ, ಆ ದಿನ ಮೊದಲ ಸಲ ಸರಿಯಾಗಿ ನೋಡಿದ.

"ಯಾಕೆ ಹೇಳ್ಸಿದ್ರಿ?"

"ನೀನು ಅಲ್ಲಾಡಬಾರ್ದು ಅಂತ," ಎಂದೆ.