ಸೋಮವಾರದ ಗಾಳಿ

ಈ ಸಲ ರವಿಕಾಂತ ಊಟವಾಯಿತೇ ಎಂದು ಕೇಳಲಿಲ್ಲ.

“ಮೇಡಂ, ಹನ್ನೊಂದು ಮತ್ತ ಏರ್ಯದ್ರಿ,” ಎಂದ.

ಅನುರಾಧಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಉದಗೀರದಿಂದ ಹೊರಟ ಬಸ್ಸು ದೇವಣಿ ರಸ್ತೆಯ ತಗ್ಗುಗಳನ್ನು ಒಂದೂ ಬಿಡದೆ ಹಾಯುತ್ತಿತ್ತು. ತೊಡೆಯ ಮೇಲಿನ ಪೆಟ್ಟಿಗೆಯಲ್ಲಿ ಎರಡು ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿದವು.

“ಎಷ್ಟು?”

“ಇನ್ನೂರ ಅರವತ್ತೆರಡು. ಮೂರು ವಾರದ್ದು ಸಾಲಾಗಿ. ಆಮ್ಯಾಲಿನ ಬಾಟಲಿ ಇನ್ನಾ ಅಳದಿಲ್ಲ.”

ಹನ್ನೊಂದು ಎಂದರೆ ಸಿಎಫ್‌ಸಿ ಹನ್ನೊಂದು. ಓಜೋನ್ ಪದರವನ್ನು ತಿನ್ನುತ್ತದೆಂದು ಜಗತ್ತೆಲ್ಲ ಸೇರಿ ತಯಾರಿಕೆ ನಿಲ್ಲಿಸಿದ ಅನಿಲ. ನಿಲ್ಲಿಸಿದರೂ ಅದು ಗಾಳಿಯಿಂದ ಪೂರ್ತಿ ಹೋಗಲು ಒಬ್ಬ ಮನುಷ್ಯನ ಆಯುಷ್ಯ ಸಾಲದು. ಹೋಗುತ್ತಿದೆಯೋ ಇಲ್ಲವೋ ಎಂದು ಯಾರಾದರೂ ನೋಡುತ್ತಲೇ ಇರಬೇಕು. ಹನ್ನೆರಡು ವರ್ಷಗಳಿಂದ ಪ್ರತಿ ಸೋಮವಾರ ವಲಾಂಡಿಯ ಗುಡ್ಡ ಹತ್ತಿ, ಗಾಳಿ ತುಂಬಿ, ಪುಣೆಯ ಪ್ರಯೋಗಾಲಯಕ್ಕೆ ಕಳಿಸುವುದು ಅನುರಾಧಾಳ ಕೆಲಸ. ಲಕ್ಷ ಕೋಟಿಯಲ್ಲಿ ಇನ್ನೂರ ಮೂವತ್ತೈದು ಪಾಲು ಇದ್ದದ್ದು ಇನ್ನೂರ ಹದಿನೈದಕ್ಕೆ ಇಳಿದಿತ್ತು. ಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಗಳು ಸಾರಿಕಾಳ ಎತ್ತರದ ಗೀಟುಗಳು ಏರುತ್ತ ಹೋದಷ್ಟು ವರ್ಷ, ಕಂಪ್ಯೂಟರಿನಲ್ಲಿ ಈ ಗೆರೆ ಇಳಿಯುತ್ತ ಬಂದಿತ್ತು. ಮಗಳ ಎತ್ತರವನ್ನು ಬಂದವರೆಲ್ಲ ಹೊಗಳುತ್ತಿದ್ದರು. ಇಳಿಯುವ ಗೆರೆ ಅನುರಾಧಾಳೊಬ್ಬಳದು.

“ಬ್ಯಾರೆ ಊರಾಗ?” ಎಂದು ಕೇಳಿದಳು.

“ಎಲ್ಲೂ ಏರಿಲ್ರಿ. ನಿಮ್ಮ ಗುಡ್ಡದಾಗ ಅಷ್ಟೇ.” ಪ್ರಯೋಗಾಲಯದಲ್ಲಿ ಬಾಟಲಿಗಳನ್ನು ಅಳೆಯುವ ರವಿಕಾಂತ ಉಮರ್ಗಾದವನು, ಕೆಟ್ಟ ಸುದ್ದಿಯನ್ನು ಊರ ಮಾತಿನಲ್ಲೇ ಹೇಳುವ ಸೌಜನ್ಯ ಅವನಿಗಿತ್ತು. “ಬಾಜೂಕ ಏನೋ ಬಂದದ. ನಿಮ್ಮ ಫಾರ್ಮಿನಾಗ ಮಾತ್ರ ‘ಸುತ್ತಮುತ್ತ ಹೊಸದೇನು’ ಅಂದಲ್ಲಿ ಪ್ರತಿ ವಾರ ‘ಇಲ್ಲ’ ಅಂತದ. ಇವತ್ತ ಸಾಹೇಬ್ರ ಮೀಟಿಂಗ ಅದ. ಕಾರಣ ಸಿಗಲಿಲ್ಲಂದ್ರ ಹನ್ನೆರಡೂ ವರ್ಷದ್ದು ತಗದು ಹಾಕ್ತಾರ.”

“ಹನ್ನೆರಡೂ?”

“ಯಾವ ‘ಇಲ್ಲ’ ಖರೆ, ಯಾವ ‘ಇಲ್ಲ’ ಸುಳ್ಳು ಅಂತ ಹ್ಯಾಂಗ ಆರಸಬೇಕ್ರಿ?”

ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ಅವಳು ಫೋನು ಇಟ್ಟಳು.

ಕಂಡಕ್ಟರ್ ಪೆಟ್ಟಿಗೆಯ ಮೇಲೆ ಪೆನ್ನಿನಿಂದ ಬಡಿದು, ಏನಿದೆಯೆಂದು ಮರಾಠಿಯಲ್ಲಿ ಕೇಳಿದ. “ಕಾಯ್ ಆಹೆ ತಾಈ?”

“ಕಾಹೀ ನಾಹೀ. ಖಾಲಿ ಬಾಟಲಿ.”

“ಖಾಲಿ ಬಾಟಲಿ ಇಷ್ಟ್ ಜ್ವಾಕಿ ಹಿಡೀತಾರೇನ್ರಿ!” ಹಿಂದಿನ ಸೀಟಿನ ಮುದುಕಿ ನಕ್ಕಳು. “ನಮ್ಮನ್ಯಾಗ ತುಂಬಿದ ಬಾಟಲೀನೂ ಇಷ್ಟ್ ಜ್ವಾಕಿ ಹಿಡ್ಯಾಂಗಿಲ್ಲ ನನ ಗಂಡ.”

ಅನುರಾಧಾ ನಗಲು ಪ್ರಯತ್ನಿಸಿದಳು. ಕಾರಣ ಅವಳಿಗೆ ಗೊತ್ತಿತ್ತು. ಅಥವಾ, ಗೊತ್ತಾಗಬಾರದೆಂದು ಮೂರು ವಾರ ಅವಳು ತಲೆಯೆತ್ತಿ ನೋಡಿರಲಿಲ್ಲ.

ಗುಡ್ಡದ ಬುಡದ ಹೊಲ ರೇವಣಪ್ಪನದು. ಗುಡ್ಡವೂ ಅವನದೇ. ಅನುರಾಧಾಳ ಮಾವ ಮಹಾಂತಯ್ಯ ಆ ಮನೆಯ ಸ್ವಾಮಿಗಳು. ಹುಟ್ಟಿಗೂ ಸಾವಿಗೂ ಅವರ ಪಾದವೇ ಆಗಬೇಕು. ಗಾಳಿ ಹಿಡಿಯುವ ಕೊಳವೆಗೆ ಗುಡ್ಡದ ಮೇಲೊಂದು ಕಂಬ ನಿಲ್ಲಿಸಲು ಸೊಸೆಗೆ ಜಾಗ ಬೇಕೆಂದಾಗ ರೇವಣಪ್ಪ ಯಾಕೆಂದು ಕೇಳಲಿಲ್ಲ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಎಂ.ಎಸ್ಸಿ.ಯಲ್ಲಿ ಕಲಿತದ್ದನ್ನು ಇವರಿಗೆ ಹೇಗೆ ಹೇಳುವುದೆಂದು ಮೊದಲು ಸಂಕೋಚವಿತ್ತು. ಆಮೇಲೆ ಅದೇ ಅನುಕೂಲವಾಯಿತು.

ಆರು ವಾರದ ಹಿಂದೆ ಬಂದಾಗ ಬುಡದಲ್ಲಿ ಒಂದು ಚಪ್ಪರ ನಿಂತಿತ್ತು. ನಾಲ್ಕು ಕಂಬ, ಮೇಲೆ ತಗಡು, ತಗಡಿನ ಕೆಳಗೆ ತಿಳಿ ಹಳದಿ ಹಲಗೆಗಳು. ಕಂಬಗಳಿಗೆ ಮಹಾಂತಯ್ಯ ಬಂದು ವಿಭೂತಿ ಹಚ್ಚಿ ಹೋಗಿದ್ದರು. “ಅಮ್ಮಾರು ಬಿಸಲಾಗ ನಿಂದರ್ತಾರ, ನೋಡ್ಲಿಕ್ಕ ಆಗವೊಲ್ದು,” ಎಂದಿದ್ದಳು ರೇವಣಪ್ಪನ ಹೆಂಡತಿ ಕಸ್ತೂರಬಾಯಿ. ಅಂದು ಆ ತಂಪಿನಲ್ಲಿ ಕುಳಿತೇ ಅನುರಾಧಾ ಫಾರ್ಮು ತುಂಬಿದಳು. ಸುತ್ತಮುತ್ತ ಹೊಸದೇನು? ಕೈ ತಾನಾಗಿ ‘ಇಲ್ಲ’ ಎಂದು ಬರೆಯಿತು. ಮುಂದಿನ ವಾರ ನೆನಪಾಯಿತು. ಆದರೆ ಈಗ ‘ಇದೆ’ ಎಂದರೆ ಹೋದ ವಾರದ್ದು ಸುಳ್ಳಾಗುತ್ತಿತ್ತು. ಆರು ‘ಇಲ್ಲ’ಗಳಲ್ಲಿ ಮೊದಲನೆಯದು ಮಾತ್ರ ಮರೆವು.

ಇಂದು ಅವಳು ತಲೆಯೆತ್ತಿ ನೋಡಿದಳು.

ಒಂದು ಹಲಗೆಯ ಮೇಲೆ ತಟ್ಟೆ ಜಾರಿಸುವ ಏಣುಗಳ ಅಚ್ಚು ಹಾಗೆಯೇ ಇತ್ತು. ಇನ್ನೊಂದರಲ್ಲಿ ಮೊಟ್ಟೆಗಳ ಗುಂಡಿ. ಫ್ರಿಜ್ಜಿನ ಗೋಡೆಯೊಳಗಿನ ಫೋಮು. ಅದನ್ನು ಒಂದು ಕಾಲದಲ್ಲಿ ಹನ್ನೊಂದರಿಂದಲೇ ಉಬ್ಬಿಸುತ್ತಿದ್ದರು. ಆ ಅನಿಲ ಈಗಲೂ ಫೋಮಿನ ಗುಳ್ಳೆಗಳಲ್ಲಿ ಕೂತಿರುತ್ತದೆ. ಸೀಳಿದಲ್ಲಿ, ಬಿಸಿಲು ತಾಗಿದಲ್ಲಿ, ಹೊರಗೆ ಬರುತ್ತದೆ.

“ಎಲ್ಲಿಂದ ತಂದ್ರಿ ಕಾಕಾ ಇವನ್ನ?”

ರೇವಣಪ್ಪ ಎತ್ತಿನ ಬೆನ್ನುಜ್ಜುವುದನ್ನು ನಿಲ್ಲಿಸಿ ಬಂದ. “ಉದಗೀರ ಮೋಡಕಾ ಗುಜರಿ ಅಂಗಡ್ಯಾಗ್ರಿ. ಹದಿನಾಲ್ಕು ಹಳೀ ಫ್ರಿಜ್. ನಾನೇ ಕುಂತು ಸೀಳೀನಿ. ತಂಪು ಹಿಡೀತಾವಲ್ರಿ, ಅಮ್ಮಾರಿಗೆ ತಂಪು ಇರ್ಲಿ ಅಂತ.”

“ನನಗ ಬ್ಯಾನಿ ಬಂದಾಗ ಒಂದ್ ಬೀಸಣಿಗಿ ತರ್ಲಿಲ್ಲ ಈ ಮನಶ್ಯಾ,” ಎಂದಳು ಕಸ್ತೂರಬಾಯಿ.

“ನಿಂಗ ಯಾತರ ಬೀಸಣಿಗಿ? ನಿನ್ನ ಬಾಯೇ ಬೀಸ್ತದ ಹಗಲೂ ರಾತ್ರಿ.”

ಇಬ್ಬರೂ ನಕ್ಕರು. ಈಗ ಹೇಳಬಹುದಿತ್ತು. ಕಾಕಾ, ಇದರೊಳಗೊಂದು ಗಾಳಿ ಇದೆ, ಅದು ಮೇಲೆ ಹೋಗುತ್ತದೆ, ಮೇಲೊಂದು ಪದರವಿದೆ. ವಾಕ್ಯ ಮನಸ್ಸಿನಲ್ಲಿಯೇ ಪುರಾಣದಂತೆ ಕೇಳಿಸಿತು. ಹೇಳಿದ್ದರೆ ಅವನು ಕೈಮುಗಿದು ಕೇಳುತ್ತಿದ್ದ. ಒಂದಕ್ಷರ ನಂಬುತ್ತಿರಲಿಲ್ಲ, ಅಥವಾ ಎಲ್ಲವನ್ನೂ ನಂಬುತ್ತಿದ್ದ. ಎರಡೂ ಒಂದೇ. ಕೊನೆಗೆ, ನಿಮ್ಮ ಹಲಗೆಯಿಂದ ನನ್ನ ಹನ್ನೆರಡು ವರ್ಷ ಹೋಯಿತು ಎನ್ನಬೇಕಾಗುತ್ತಿತ್ತು.

“ಇದು ಇಲ್ಲಿ ಬ್ಯಾಡ ಅನಸ್ತದ ಕಾಕಾ,” ಎಂದಳು.

ರೇವಣಪ್ಪನ ಮುಖದಲ್ಲಿದ್ದ ನಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

“ತಪ್ಪೇನರೆ ಆತೇನ್ರಿ?”

“ತಪ್ಪಲ್ಲ. ಬ್ಯಾಡ ಅಷ್ಟೇ.”

“ಸ್ವಾಮೇರಿಗೆ ಗೊತ್ತದನ್ರಿ?”

“ನಾ ಹೇಳ್ತೀನಿ ಅವರಿಗೆ.”

“ನೀವು ಬ್ಯಾಡಂದ್ರ ಮುಗೀತಲ್ರಿ,” ಎಂದು ಅವನು ಕೈಮುಗಿದ. ಹಾಗೆ ಕೈಮುಗಿದದ್ದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ. ಬೇರೆ ಕಡೆ ಸಾಗಿಸಲು ಅವನಿಗೆ ನಾಲ್ಕು ದಿನ ಬೇಕಾದೀತು; ಅಷ್ಟರಲ್ಲಿ ಯೋಚಿಸಬಹುದು ಎಂದುಕೊಂಡು ಗುಡ್ಡ ಹತ್ತಿದಳು.

ಒಂದು ಗಂಟೆಗೆ ಸರಿಯಾಗಿ ಬಾಟಲಿಗಳನ್ನು ಕೊಳವೆಗೆ ಜೋಡಿಸಿದಳು. ಉಸಿರು ಹಿಡಿದು ಪಂಪಿನ ಗುಂಡಿ ಒತ್ತಿದಳು. ಗಾಳಿ ಹೋಗುವ ದಿಕ್ಕಿಗೆ ಮೂವತ್ತು ಹೆಜ್ಜೆ ನಡೆದು ಆಮೇಲೆ ಉಸಿರು ಬಿಟ್ಟಳು. ಪಂಪು ತಾನಾಗಿ ನಿಲ್ಲುವವರೆಗೆ, ಒಂದು ತಾಸು, ಹತ್ತಿರ ಹೋಗುವಂತಿಲ್ಲ. ಅವಳ ಉಸಿರು, ಬೆವರು, ಸೀರೆಗೆ ಅಂಟಿದ ಒಗ್ಗರಣೆಯ ವಾಸನೆ ಯಾವುದೂ ಬಾಟಲಿಗೆ ಹೋಗಬಾರದು. ತಾನು ಅಲ್ಲಿಲ್ಲದಂತೆ ಇರುವುದೇ ಅವಳ ಕಸುಬಿನ ನೈಪುಣ್ಯ. ಮನೆಯಲ್ಲೂ ಅದು ಉಪಯೋಗಕ್ಕೆ ಬಂದಿತ್ತು.

ಕೊಡಲಿಯ ಮೊದಲ ಪೆಟ್ಟು ಕೇಳಿದಾಗ ಯಾರೋ ಜಾಲಿ ಕಡಿಯುತ್ತಿದ್ದಾರೆಂದುಕೊಂಡಳು.

ಎರಡನೆಯ ಪೆಟ್ಟಿಗೆ ತಗಡು ಚೀರಿತು.

ಗುಡ್ಡದ ಅಂಚಿಗೆ ಬಂದು ನೋಡಿದಳು. ತಗಡು ಆಗಲೇ ಕೆಳಗೆ ಬಿದ್ದಿತ್ತು. ರೇವಣಪ್ಪ ಹಲಗೆಗಳನ್ನು ಒಂದೊಂದಾಗಿ ಬಂಡೆಯ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಪುಡಿ ಮಾಡುತ್ತಿದ್ದ. ಗಾಳಿ ಅವನ ಕಡೆಯಿಂದ ನೇರ ಕೊಳವೆಯ ಕಡೆಗೆ ಬೀಸುತ್ತಿತ್ತು.

ಆಗ ನೆನಪಾಯಿತು. ಸ್ವಾಮಿಗಳಿಗೋ ಅವರ ಮನೆಯವರಿಗೋ ಅರ್ಪಿಸಿದ್ದನ್ನು ಅವರು ಬೇಡವೆಂದರೆ ರೇವಣಪ್ಪನ ಮನೆಯವರು ಮರಳಿ ಬಳಸುವುದಿಲ್ಲ, ಮಾರುವುದಿಲ್ಲ, ದನಕ್ಕೂ ಹಾಕುವುದಿಲ್ಲ. ಯಾರಿಗೂ ಉಪಯೋಗಕ್ಕೆ ಬಾರದಂತೆ ಅಲ್ಲಿಯೇ ಮುಗಿಸಬೇಕು. ಮದುವೆಯಾದ ವರ್ಷ ಮಹಾಂತಯ್ಯ ಒಂದು ಧೋತರ ಒಲ್ಲೆನೆಂದಾಗ ಇದೇ ರೇವಣಪ್ಪ ಅದನ್ನು ಅಂಗಳದಲ್ಲಿ ಎಳೆಎಳೆಯಾಗಿ ಹರಿದದ್ದನ್ನು ಅವಳೇ ನೋಡಿದ್ದಳು. ಚಂದದ ಧೋತರವಾಗಿತ್ತು.

ಕೂಗಬೇಕು. ಪಂಪನ್ನಾದರೂ ನಿಲ್ಲಿಸಬೇಕು. ಕೂಗಿದರೆ ಅವನು ಯಾಕೆಂದು ಕೇಳುತ್ತಾನೆ. ನಿಲ್ಲಿಸಿದರೆ ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಒಂದು ಸೋಮವಾರ ಇರುವುದಿಲ್ಲ. ಹದಿನಾಲ್ಕು ಫ್ರಿಜ್ಜುಗಳಷ್ಟು ಹಲಗೆ ಪುಡಿಯಾಗುವವರೆಗೆ ಅನುರಾಧಾ ನಿಂತಲ್ಲೇ ನಿಂತಿದ್ದಳು. ಬಾಟಲಿಗಳು ತುಂಬುತ್ತಲೇ ಇದ್ದವು.

ಫೋನು ನಡುಗಿತು.

“ಕಾರಣ ಸಿಕ್ತೇನ್ರಿ ಮೇಡಂ?” ರವಿಕಾಂತನ ಹಿಂದೆ ಕುರ್ಚಿಗಳ ಸದ್ದು. “ಎಲ್ಲಾರೂ ಕುಂತಾರ. ಒಂದ ಮಾತು ಹೇಳ್ರಿ. ಅಲ್ಲಿ ಹೊಸದೇನರೆ ಅದನೋ, ಇಲ್ಲೋ?”

ಅವಳು ಕೆಳಗೆ ನೋಡಿದಳು. ಕಂಬಗಳನ್ನೂ ಕಿತ್ತಾಗಿತ್ತು. ನೆಲದಲ್ಲಿ ನಾಲ್ಕು ಕುಣಿಗಳು.

“ಇಲ್ಲ,” ಎಂದಳು.

ಆರು ವಾರದಲ್ಲಿ ಮೊದಲ ಸಲ ಅದು ನಿಜವಾಗಿತ್ತು.

“ಹಂಗಾದ್ರ ಹನ್ನೆರಡೂ...” ಎಂದ ರವಿಕಾಂತ. ಮುಂದೆ ಏನೋ ಹೇಳಿದ. ಪಂಪಿನ ಸದ್ದು ನಿಂತಿತು.

ಕಸ್ತೂರಬಾಯಿ ಏದುಸಿರು ಬಿಡುತ್ತ ಮಜ್ಜಿಗೆಯ ತಂಬಿಗೆ ಹಿಡಿದು ಹತ್ತಿ ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. “ಇದರೆ ತಗೋತೀರೋ, ಇದೂ ಬ್ಯಾಡೋ?” ಎಂದು ಕೇಳಿದಳು. ಅನುರಾಧಾ ಕೈಚಾಚುವ ಮೊದಲೇ, “ಅಯ್ಯ, ತಲೀ ತುಂಬ ಏನಿದು!” ಎಂದು ತಂಬಿಗೆಯನ್ನು ಕಲ್ಲಿನ ಮೇಲಿಟ್ಟಳು.

ಹಳದಿ ಪುಡಿ ಗಾಳಿಯಲ್ಲಿ ಮೇಲೇರಿ ಬರುತ್ತಿತ್ತು. ಕಸ್ತೂರಬಾಯಿ ಶಾಲೆಗೆ ಹೊರಟ ಮಗುವಿನ ತಲೆ ನೋಡುವಂತೆ ಅವಳನ್ನು ಬಾಗಿಸಿ, ಕೂದಲಿನಿಂದ ಒಂದೊಂದೇ ಚೂರು ಆಯತೊಡಗಿದಳು. ಆಯ್ದದ್ದು ಬೆರಳಿಗೆ ಅಂಟಿತು. ಬೆರಳನ್ನು ಸೆರಗಿಗೆ ಒರೆಸಿದರೆ ಸೆರಗಿಗೆ ಅಂಟಿತು. ಸೆರಗು ಕೊಡವಿದಳು, ಅವು ಒಂದು ಗೇಣು ಹಾರಿ, ತೂಕವೇ ಇಲ್ಲದಂತೆ ಗಾಳಿಯಲ್ಲಿ ನಿಂತು, ಮೆಲ್ಲಗೆ ತಿರುಗಿ ಬಂದು ಅನುರಾಧಾಳ ಹುಬ್ಬಿನ ಮೇಲೆ, ತುಟಿಯ ಮೇಲೆ ಕುಳಿತವು.