ಕಡೇ ಪಂಕ್ತಿ, ಸೈಡ್ ಎ

ನನಗೆ ಹಾಡಲು ಬರುವುದಿಲ್ಲ. ಸಿಟ್ಟು ಮಾತ್ರ ಧಾರಾಳವಾಗಿ ಬರುತ್ತದೆ. ೧೯೯೮ರಲ್ಲಿ ಹುಬ್ಬಳ್ಳಿಯ ಹಾಸ್ಟೆಲ್ಲಿನ ಗೆಳತಿಯೊಬ್ಬಳು ಒಂದು ವಿಲಾಯತಿ ಕ್ಯಾಸೆಟ್ ಕೇಳಿಸಿದಳು. ಹಿಂದೆ ಯಂತ್ರದ ಡಬಡಬ. ಮುಂದೆ ಯಾರೋ ಒಬ್ಬಳು, ಹಾಡುವುದನ್ನು ಬಿಟ್ಟು, ಲೋಕವನ್ನೆಲ್ಲ ಬೈಯುತ್ತಿದ್ದಾಳೆ. ಇದಕ್ಕೆ ಪೋಸ್ಟ್‌ಪಂಕ್ ಎನ್ನುತ್ತಾರಂತೆ. ಅಯ್ಯೋ, ಇಷ್ಟೇನಾ? ನಮ್ಮ ಸುಬ್ಬತ್ತೆ ದಿನಾ ಬೆಳಿಗ್ಗೆ ಮಾಡುವುದು ಇದನ್ನೇ!

ರಜೆಗೆ ಅತ್ತೆಯ ಊರು ಹೆಗಡೆಕಟ್ಟಾಕ್ಕೆ ಹೋದವಳೇ ಕೀಬೋರ್ಡಿನಲ್ಲಿ ಡಬಡಬ ಹಚ್ಚಿ, ಟೇಪ್ ರೆಕಾರ್ಡರನ್ನು ಅತ್ತೆಯ ಮುಂದಿಟ್ಟೆ. ಬಾರದ ಬಸ್ಸು, ಗಂಡಸರ ಇಸ್ಪೀಟು, ಪಂಚಾಯ್ತಿ, ಯಾವುದನ್ನೂ ಅವಳು ಬಿಡಲಿಲ್ಲ. ಐದು ಬೈಗುಳಕ್ಕೆ ಐದು ತಾಳ ಹಾಕಿ ಆಲ್ಬಮ್ ಮುಗಿಸಿದೆ.

“ಕೂಸೆ, ನಿನ್ ಮಾವಂಗೆ ಮಾತ್ರ ಕೇಳ್ಸಡ. ಮರ್ಯಾದೆ ಹೋಗ್ತು,” ಎಂದು ಆಣೆ ಮಾಡಿಸಿಕೊಂಡಳು.

ಮರುವಾರ ಪಕ್ಕದ ಮನೆಯ ತುಷಾರನ ಉಪನಯನ. ಅತ್ತೆ ಬೆಳಗಿನಿಂದ ಅಲ್ಲಿಯ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ಚಪ್ಪರದ ಮೊದಲ ಪಂಕ್ತಿಯಲ್ಲಿ ಬರೀ ಗಂಡಸರು, ನಡುವೆ ಅತ್ತೆಯ ಗಂಡ ಸೀತಾರಾಮ ಮಾವ. ನಮ್ಮ ಕಡೆ ಉಣ್ಣುವಾಗ ಒಬ್ಬೊಬ್ಬರಾಗಿ ಶ್ಲೋಕ ಹೇಳುತ್ತಾರೆ; ಒಂದೊಂದು ಮುಗಿದಾಗಲೂ ಪಂಕ್ತಿಯೆಲ್ಲ ಜೈಕಾರ ಹಾಕಬೇಕು. ಅದನ್ನು ಎತ್ತಿಕೊಡುವ ಹಕ್ಕು ಮಾವನದು.

ನಾನು ಒಳಗೆ ಇಣುಕಿದೆ. ಗಂಟೆ ಎರಡೂವರೆ. ಅತ್ತೆಯ ಮುಖ ಒಲೆಯ ಶೆಕೆಗೆ ಕೆಂಪಾಗಿತ್ತು, ಬಾಯಿಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಹೊರಗೆ ಮಾವನಿಗೆ ನಾಲ್ಕನೇ ಹೋಳಿಗೆ. ನನಗೆ ಮೈಯೆಲ್ಲ ಉರಿದು ಹೋಯಿತು. ಅಷ್ಟರಲ್ಲಿ ಮೈಕ್ ಸೆಟ್ಟಿನ ಕಿರಣ, ಶಹನಾಯಿಯ ರೀಲು ಸಿಕ್ಕಿಕೊಂಡಿದೆ, ಬೇರೆ ಕ್ಯಾಸೆಟ್ ಇದ್ದರೆ ಕೊಡಿ ಎಂದು ಬಂದ. ಆಣೆಗೀಣೆ ಎಲ್ಲ ಮರೆತು ಚೀಲದಲ್ಲಿದ್ದ ನಮ್ಮ ಆಲ್ಬಮ್ಮನ್ನೇ ಕೊಟ್ಟುಬಿಟ್ಟೆ.

ಡಬಡಬ ಶುರುವಾಯಿತು. ಹಿಂದೆಯೇ ಟೇಪಿನಲ್ಲಿ ಅತ್ತೆಯ ದನಿ:

“ಮೊದ್ಲನೇ ಪಂಕ್ತಿಗೆ ಬಿಸಿ ಹೋಳಿಗೆ. ಎರಡನೇ ಪಂಕ್ತಿಗೆ ಬರೀ ಹೋಳಿಗೆ. ಕಡೇ ಪಂಕ್ತಿಗೆ ಎಂತ ಇದ್ದು? ಹರಕು ಹೋಳಿಗೆ. ಲಟ್ಟಿಸಿದವ್ಳೂ ಆನು, ಹರಕು ತಿಂದವ್ಳೂ ಆನು. ಮೂವತ್ತು ವರ್ಷ!”

ಮೊದಲ ಬೈಗುಳ ಮುಗಿದು ಡಬಡಬ ನಿಂತಿತು. ಮಾವನ ಗಮನವೆಲ್ಲ ತುಪ್ಪದ ಮೇಲಿತ್ತು. ದನಿಯೊಂದು ನಿಂತದ್ದಷ್ಟೇ ಅವರಿಗೆ ಗೊತ್ತಾಗಿದ್ದು. ರೂಢಿಯ ಬಾಯಿ ತಾನಾಗಿ ತೆರೆಯಿತು: “ಹರ ನಮಃ ಪಾರ್ವತೀಪತಯೇ!”

“ಹರಹರ ಮಹಾದೇವ!” ಎಂದು ಐವತ್ತು ಗಂಡಸರು ಚಪ್ಪರ ಹಾರುವಂತೆ ಕೂಗಿದರು.

ಆಮೇಲೆ ಒಬ್ಬೊಬ್ಬರಿಗೇ ತಲೆಗೆ ಹೋಯಿತು. ಜಗಿಯುವ ಸದ್ದು ನಿಂತಿತು. ಕಿರಣ ಗಾಬರಿಯಿಂದ ಟೇಪ್ ಆರಿಸಿದ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಕೈಯಲ್ಲಿ ಲಟ್ಟಣಿಗೆ. ಇನ್ನು ಜನ್ಮದಲ್ಲಿ ಇವಳು ನನ್ನ ಹತ್ತಿರ ಮಾತಾಡುವುದಿಲ್ಲ ಎಂದು ನನಗೆ ಅಳುವೇ ಬಂತು.

ಅತ್ತೆ ನನ್ನನ್ನು ನೋಡಲೇ ಇಲ್ಲ. ಲಟ್ಟಣಿಗೆಯನ್ನು ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದವಳು ಮಾವನ ಎದುರಿನ ಖಾಲಿ ಎಲೆಗೆ ಕೂತಳು.

“ಪಂಕ್ತಿಯೇ ಒಪ್ಪಿ ಜೈಕಾರ ಹಾಕ್ತು,” ಎಂದಳು. “ಬಡ್ಸಿ ಈಗ.”

ಬಡಿಸುವವನು ಮಾವನ ಮುಖ ನೋಡಿದ. ಮಾವನ ಕಿವಿ ಕೆಂಪಾಗಿತ್ತು. ಜೈಕಾರ ಎತ್ತಿಕೊಟ್ಟವರೇ ಇವರಲ್ಲವೆ, ಎಲ್ಲಿಗೆ ಹೋಗುತ್ತಾರೆ?

“ಬಡ್ಸೋ ಮಾರಾಯ. ಬಿಸಿದು ಹಾಕು,” ಎಂದರು.

ಅತ್ತೆ ಒಂದು ತುತ್ತು ಮುರಿದು, ತುಪ್ಪಕ್ಕೆ ಅದ್ದಿ ಬಾಯಿಗಿಟ್ಟಳು. ಕಣ್ಣು ಮುಚ್ಚಿಕೊಂಡಳು. ತುಂಬ ಹೊತ್ತು ಅಗಿದು ನನ್ನ ಕಡೆ ತಿರುಗಿದಳು.

“ಕೂಸೆ, ಬಿಸಿ ಇದ್ರೆ ಹೀಂಗಿರ್ತನೇ ಇದು?”