ಬಣ್ಣದ ಮನೆಯ ಯಾಕಪ್ಪ

ದಾರಿಯಲ್ಲಿ ಸರಾಗವಾಗಿ ನಡೆದು ಬರುತ್ತಿದ್ದವರು, ಕಾಲಬುಡದಲ್ಲಿ ಹೊಂಡ ಕಂಡವರ ಹಾಗೆ ಇದ್ದಕ್ಕಿದ್ದಂತೆ ನಿಂತುಬಿಡುವುದು ಅವರ ಅಭ್ಯಾಸವಾಗಿತ್ತು. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು, ಗೊಣಗಿ, ಪಕ್ಕಕ್ಕೆ ಸರಿದು ಮುಂದೆ ಹೋಗುತ್ತಿದ್ದರು. ಅವರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಎದುರಿನ ಅಂಗಡಿಯ ತಗಡಿನ ಮಾಡು ಒಂದು ಮಗ್ಗುಲು ಮಾತ್ರ ಏಕೆ ತುಕ್ಕು ಹಿಡಿದಿದೆ, ಎಲ್ಲ ಬಿಟ್ಟು ಈ ಒಂದೇ ಕಿಟಕಿಯ ಮೇಲೆ ಪಾರಿವಾಳಗಳು ಏಕೆ ಕೂರುತ್ತವೆ ಎಂಬಂಥ ಸಂದೇಹವೊಂದು ಮನಸ್ಸನ್ನು ಹೊಕ್ಕಿತೆಂದರೆ ಕಾಲು ತನ್ನ ಕೆಲಸ ಮರೆಯುತ್ತಿತ್ತು. ಆಮೇಲೆ ಎದುರಿಗೆ ಸಿಕ್ಕವರನ್ನು, ಪರಿಚಯವಿರಲಿ ಬಿಡಲಿ, ಹಿಡಿದು ನಿಲ್ಲಿಸಿ ಕೇಳಿಯೇ ತೀರಬೇಕು: "ಯಾಕೆ?" ಹೀಗಾಗಿ ಬೀದಿಯು ಅವರ ಹುಟ್ಟುಹೆಸರನ್ನು ಎಂದೋ ಮರೆತು, ಅವರನ್ನು ಯಾಕಪ್ಪ ಎಂದು ಕರೆಯತೊಡಗಿತ್ತು. ಅವರು ಬೇಸರಿಸಲಿಲ್ಲ. ಈ ಹೆಸರು ಮೊದಲು ಯಾರಿಗೆ ಹೊಳೆಯಿತು, ಯಾಕೆ ಹೊಳೆಯಿತು ಎಂದು ನಾಲ್ಕಾರು ಮನೆಗಳಲ್ಲಿ ವಿಚಾರಿಸಿ ಸುಮ್ಮನಾದರು.

ಅವರು ಮೊಣಕಾಲು ಮುಟ್ಟುವ ಒಂದು ಬಿಳಿ ಕೋಟು ತೊಡುತ್ತಿದ್ದರು. ಬಿಳಿ ಎಂಬುದು ಹಳೆಯ ಮಾತು. ನರ್ಸ್ ಆಗಿದ್ದ ಹೆಂಡತಿ ಆಸ್ಪತ್ರೆಯಿಂದ ತಂದುಕೊಟ್ಟ ಆ ಸವೆದ ಕೋಟಿನ ಅಂಚನ್ನು ಅವರು ಪ್ರತಿಯೊಂದು ಹೊಸ ಬಣ್ಣಕ್ಕೂ ಮೊದಲು ಅದ್ದಿ ನೋಡುತ್ತಿದ್ದುದರಿಂದ, ಅದರ ಕೆಳಭಾಗ ಯಾವುದೋ ಅಜ್ಞಾತ ದೇಶಗಳ ನಕ್ಷೆಯಂತೆ ತೇಪೆತೇಪೆಯಾಗಿ ಕಾಣುತ್ತಿತ್ತು. ಕೈಗಳಂತೂ ಮೊಣಕೈವರೆಗೆ ಒಂದು ವಾರ ನೇರಳೆ, ಇನ್ನೊಂದು ವಾರ ಪಾಚಿ. ಹಳೆಯ ಬಟ್ಟೆಗೆ ಹೊಸ ಬಣ್ಣ ಹಾಕಿಕೊಡುವುದು ಅವರ ಕಸುಬು, ಮನೆಯ ಹಿಂದಿನ ಜಗಲಿಯೇ ಕಾರ್ಖಾನೆ, ಅದೇ ಜಗಲಿಯೇ ಮಕ್ಕಳಿಬ್ಬರ ಪಾಠಶಾಲೆ.

ಪಾಠಶಾಲೆ ಮೊದಲು ಬಂತು, ಕಸುಬು ಆಮೇಲೆ. ಮಗಳು ಎರಡನೆಯ ತರಗತಿಯಲ್ಲಿದ್ದಾಗ ಟೀಚರು ಇವರನ್ನು ಕರೆಸಿ, ಮುಖವರಳಿಸಿ ಹೇಳಿದ್ದರು: "ತುಂಬಾ ಒಳ್ಳೆ ಹುಡುಗಿ ಸಾರ್ ನಿಮ್ಮ ಮಗಳು. ಒಂದು ಮಾತಿಲ್ಲ, ಒಂದು ಪ್ರಶ್ನೆ ಇಲ್ಲ. ಕ್ಲಾಸಲ್ಲಿ ಇದ್ದಾಳೆ ಅನ್ನೋದೇ ಗೊತ್ತಾಗಲ್ಲ." ಬೇರೆ ತಂದೆಯಾಗಿದ್ದರೆ ಹಿರಿಹಿರಿ ಹಿಗ್ಗುತ್ತಿದ್ದ. ಯಾಕಪ್ಪನವರ ಮುಖ ಬಿಳಿಚಿತು. ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗು ಪ್ರಶ್ನೆ ಕೇಳುವುದಿಲ್ಲವೆಂದರೆ ಅದಕ್ಕೆ ಯಾವುದೋ ರೋಗ ತಗಲಿರಬೇಕು, ಆ ರೋಗ ಶಾಲೆಯ ಬೆಂಚಿನಿಂದಲೇ ಅಂಟಿರಬೇಕು ಎಂದು ಅವರು ನಿಶ್ಚಯಿಸಿದರು.

"ಅವಳು ನನ್ನ ಥರ ಕಣ್ರೀ," ಎಂದಳು ಹೆಂಡತಿ. "ನಾನೂ ಮಾತು ಕಡಿಮೆಯೇ ಅಲ್ವಾ?"

"ಹೌದಲ್ಲ! ನೀನು ಯಾಕೆ ಅಷ್ಟು ಕಡಿಮೆ ಮಾತಾಡ್ತೀಯ?"

"ನಿಮ್ಮನ್ನ ಮದುವೆ ಆಗಿದ್ದಕ್ಕೆ."

ಈ ಉತ್ತರವನ್ನು ಅವರು ತಮಾಷೆಯೆಂದು ತಿಳಿದು ಮನಸಾರೆ ನಕ್ಕರು. ಅದೇ ಸುಮಾರಿಗೆ ಅವರು ಗುಮಾಸ್ತರಾಗಿದ್ದ ಕಂಪನಿ ದೂರದ ಊರಿಗೆ ಗಂಟುಮೂಟೆ ಕಟ್ಟಿತು. ಇವರು ಊರಿನಲ್ಲೇ ಉಳಿದು, ಮಗಳನ್ನು ಶಾಲೆಯಿಂದ ಬಿಡಿಸಿ, ಮಗನನ್ನು ಸೇರಿಸುವ ಗೋಜಿಗೇ ಹೋಗದೆ, ಸ್ವತಃ ಗುರುಗಳಾದರು. ಒಂದು ದಿನ ಆ ಚಿಕ್ಕವನು ಕೆಂಪು ಕಾಗದದ ಹೂವೊಂದನ್ನು ತೊಳೆಯುವ ಬಟ್ಟೆಯ ಬಕೆಟ್ಟಿಗೆ ಹಾಕಿ, ಅಮ್ಮನ ಬಿಳಿ ಸಮವಸ್ತ್ರ ಗುಲಾಬಿಯಾದಾಗ, ಅದನ್ನು ಸರಿಪಡಿಸಲು ಹೋಗಿ ಅಪ್ಪ ಅದಕ್ಕೆ ಎಂಥ ಗಂಭೀರವಾದ ಕಡುನೀಲಿ ಬರಿಸಿದರೆಂದರೆ, ಆಕೆ ಅದನ್ನು ಡ್ಯೂಟಿಗಲ್ಲದಿದ್ದರೂ ಪೇಟೆಗೆ ತೊಟ್ಟು ಹೋದಳು. ನೋಡಿದ ನರ್ಸುಗಳು ತಮ್ಮ ತಮ್ಮ ಮಾಸಿದ ಬಟ್ಟೆಗಳನ್ನು ಕಳಿಸಿದರು. ಕಸುಬು ಹುಟ್ಟಿದ್ದು ಹೀಗೆ.

ಜಗಲಿಯ ಆ ವಿದ್ಯಾಭ್ಯಾಸವನ್ನು ಕಣ್ಣಾರೆ ಕಾಣಬೇಕಿತ್ತು. ಒಲೆಯ ಮೇಲೆ ಹಂಡೆ ಕುದಿಯುತ್ತಿರುವುದು, ಹಗ್ಗದಿಂದ ತೊಟ್ಟಿಕ್ಕುವ ಬಟ್ಟೆಗಳ ಕೆಳಗೆ ಮಕ್ಕಳು ಕುಳಿತಿರುವುದು, ಯಾಕಪ್ಪನವರು ಕೋಲಿನಿಂದ ಹಂಡೆಯನ್ನು ತಿರುವುತ್ತ, ಉಪ್ಪು ಹಾಕಿದರೆ ಬಣ್ಣ ಯಾಕೆ ಹಿಡಿಯುತ್ತದೆ, ಹತ್ತಿಗೆ ಹತ್ತಿದ್ದು ರೇಷ್ಮೆಗೆ ಯಾಕೆ ಹತ್ತುವುದಿಲ್ಲ, ಹಳದಿಯ ಮೂರು ಪಾಲಿಗೆ ನೀಲಿಯ ಒಂದು ಪಾಲು ಸೇರಿದರೆ ಇಡಿಯಲ್ಲಿ ನೀಲಿ ಎಷ್ಟು ಎಂದು ಪ್ರಶ್ನೆಯ ಬೆನ್ನಿಗೆ ಪ್ರಶ್ನೆ ಎಸೆಯುತ್ತಿರುವುದು. ಚಿಕ್ಕವನು ಅಪ್ಪನ ಬಾಯನ್ನೇ ಪಡೆದವನು. ಉತ್ತರ ಹೇಳದೆ ತಾನೂ ನಾಲ್ಕು ಪ್ರಶ್ನೆ ಎಸೆಯುತ್ತಿದ್ದ. ಮಗಳು ಲೆಕ್ಕ ಸರಿಯಾಗಿ ಮಾಡುವಳು, ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸುವಳು, ಮತ್ತೆ ಮೌನ. ಆದರೆ ಗಿರಾಕಿಗಳ ಬಟ್ಟೆಗೆ ಚೀಟಿ ಬರೆದು ಕಟ್ಟುವ ಕೆಲಸ ಅವಳದಾಗಿತ್ತು, ಆ ಚೀಟಿಗಳಲ್ಲಿ ಅವಳು ಬಣ್ಣಗಳಿಗೆ ತಾನೇ ಹೆಸರಿಡುತ್ತಿದ್ದಳು: 'ಮಳೆಗೆ ಮುಂಚಿನ ಬೂದಿ', 'ಅಮ್ಮ ಮನೆಗೆ ಬರುವ ಹೊತ್ತಿನ ನೀಲಿ', 'ಬೈಸಿಕೊಂಡವರ ಕೆಂಪು'. ಗಿರಾಕಿಗಳು ಬಟ್ಟೆಗಿಂತ ಚೀಟಿಯನ್ನೇ ಜೋಪಾನ ಮಾಡುತ್ತಿದ್ದರು. ಯಾಕಪ್ಪನವರು ಹಿಗ್ಗಿಹೋಗಿ, "ಈ ಹೆಸರು ಯಾಕಮ್ಮ? ಹೇಗೆ ಹೊಳೀತು? ಬೂದಿಗೂ ಮಳೆಗೂ ಏನು ಸಂಬಂಧ?" ಎಂದು ಮುಗಿಬೀಳುತ್ತಿದ್ದರು. ಅವಳು ಹೆಗಲು ಕುಣಿಸಿ ಒಳಗೆ ಹೋಗುತ್ತಿದ್ದಳು. ಒಂದಲ್ಲ ಒಂದು ದಿನ ಮಗು ತಾನಾಗಿ ಒಂದು ಪ್ರಶ್ನೆ ಕೇಳೀತು ಎಂದು ಅವರು ಕಾದೇ ಕಾದರು.

ಹೀಗಿರುವಾಗ ಊರಿನ ವಾದ್ಯವೃಂದದ ಬ್ಯಾಂಡ್ ಮಾಸ್ಟರು, ಕಂದಿಹೋದ ಬಿಳಿ ಜಾಕೆಟ್‌ಗಳ ದೊಡ್ಡ ಗಂಟನ್ನು ತಂದು ಜಗಲಿಯ ಮೇಲಿಳಿಸಿ, "ಎಲ್ಲಾ ಕಡುಗೆಂಪು ಆಗ್ಬೇಕು. ಭಾನುವಾರ ಉದ್ಯಾನದಲ್ಲಿ ನಮ್ಮ ಕಾರ್ಯಕ್ರಮ," ಎಂದರು. ಅಷ್ಟು ದೊಡ್ಡ ಕೆಲಸ ಅದುವರೆಗೆ ಬಂದಿರಲಿಲ್ಲ. ಇದು ಸರಿಹೋದರೆ ಕಸುಬು ಕಾಲೂರಿದಂತೆ ಎಂದು ಗಂಡಹೆಂಡಿರಿಬ್ಬರೂ ಮಾತಾಡಿಕೊಂಡರು. ಜಾಕೆಟ್‌ಗಳು ಕೆಂಪಾಗಿ, ಒಣಗಿ, ಇಸ್ತ್ರಿಯಾಗಿ, ಹೊತ್ತಿಗೆ ಸರಿಯಾಗಿ ಹೋದವು.

ಭಾನುವಾರ ಬಿಸಿಲು ಸುಡುತ್ತಿತ್ತು. ಸೋಮವಾರ ಬೆಳಿಗ್ಗೆ ಬ್ಯಾಂಡ್ ಮಾಸ್ಟರು ಗೇಟು ತಳ್ಳಿಕೊಂಡು ಬಂದಾಗ ಅವರ ಕುತ್ತಿಗೆ, ಕಿವಿಯ ಹಿಂಬದಿ, ಮುಂಗೈ ಎಲ್ಲ ಕೆಂಪು. "ಎಲ್ಲರ ಎದುರು ನಿಮ್ಮ ಬಣ್ಣ ಬಯಲಾಯ್ತು ಕಣ್ರೀ! ಬೆವರು ಇಳಿದ ಹಾಗೆ ಬಣ್ಣ ಇಳೀತು. ಒಳಗಿನ ಬಿಳಿ ಶರಟೆಲ್ಲ ಹಾಳು. ಕೊಳಲಿನವನ ಗಲ್ಲ ನೋಡಿ ಮಕ್ಕಳು ಕೇಕೆ ಹಾಕ್ತಿದ್ವು."

ಯಾಕಪ್ಪನವರಿಗೆ ನಾಚಿಕೆಯಾಗಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಮೊದಲು ಬಾಯಿ ತೆರೆದುಕೊಂಡಿತು. "ಮೊದಲು ಬಿಟ್ಟಿದ್ದು ಕತ್ತಿನ ಹತ್ರಾನೋ, ಕಂಕುಳಲ್ಲೋ? ನಿಂತಾಗಲೋ, ನುಡಿಸೋವಾಗಲೋ? ಎಲ್ಲರದ್ದೂ ಬಿಡ್ತೋ, ಕೆಲವರದ್ದೋ?"

"ನನ್ನ ಮಾನ ಹೋಗಿದೆ, ನೀವು ಕಂಕುಳ ವಿಚಾರಿಸ್ತಿದ್ದೀರಲ್ಲ!" ಮಾಸ್ಟರ ದನಿ ಕಹಳೆಯಂತೆ ಏರಿತು. ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಶಾಲೆಗೆ ಕಳಿಸದೆ ಮಕ್ಕಳನ್ನೂ ಕೆಡಿಸಿದ, ಬಟ್ಟೆಯನ್ನೂ ಕೆಡಿಸಿದ ಎಂದು ಯಾವುದೋ ಕಿಟಕಿ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿತು.

ಆಗ ಹಗ್ಗದ ಬಟ್ಟೆಗಳ ನಡುವಿನಿಂದ ಮಗಳು ಈಚೆ ಬಂದು, ಅಪ್ಪನನ್ನು ದಾಟಿ, ಮಾಸ್ಟರ ಮುಂದೆ ನಿಂತಳು.

"ಮಾಮ, ಉರೀತಾ ಇದೆಯಾ?"

ಮಾಸ್ಟರು ತಬ್ಬಿಬ್ಬಾದರು. ಕುತ್ತಿಗೆ ಮುಟ್ಟಿಕೊಂಡರು. "ಇಲ್ಲಮ್ಮ... ಉರಿ ಏನಿಲ್ಲ."

"ಎಲ್ಲರೂ ನಕ್ಕಾಗ ನುಡಿಸೋದು ನಿಲ್ಲಿಸಿಬಿಟ್ರಾ?"

"ನಿಲ್ಲಿಸೋದೇ? ನಾವಾ?" ಅವರು ಬೆನ್ನು ನೆಟ್ಟಗೆ ಮಾಡಿದರು. "ಕೊನೇ ಸ್ವರದವರೆಗೂ ನುಡಿಸಿದ್ವಿ. ಆಮೇಲೆ ನಗ್ತಿದ್ದೋರೇ ಎದ್ದು ನಿಂತು ಚಪ್ಪಾಳೆ ಹೊಡೆದ್ರು." ಹೇಳುತ್ತ ಹೇಳುತ್ತ ಅವರ ಕೋಪ ಎಲ್ಲಿಯೋ ಸೋರಿಹೋಯಿತು. ಜಗಲಿಯ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದರು. ಯಾಕಪ್ಪನವರು ನೀರು ತಂದುಕೊಟ್ಟು, ತಪ್ಪಾಯಿತೆಂದು ಕೈಮುಗಿದು, ಜಾಕೆಟ್‌ಗಳನ್ನೂ ಶರಟುಗಳನ್ನೂ ಪುಕ್ಕಟೆಯಾಗಿ ಸರಿಮಾಡಿ ಕೊಡುವುದಾಗಿ ಒಪ್ಪಿಕೊಂಡರು.

ಮಾಸ್ಟರು ಹೋದಮೇಲೆ ಅವರು ಖಾಲಿ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಮಗೆ ತಾವೇ ಎಂಬಂತೆ, "ಯಾಕೆ ಬಿಡ್ತು?" ಎಂದರು.

"ಜಾಲಿಸಿದ್ದು ಸಾಲಲಿಲ್ಲ," ಎಂದಳು ಮಗಳು. "ಕೊನೇ ನೀರೂ ಕೆಂಪಗೇ ಇತ್ತು. ನಾನು ನೋಡ್ದೆ."

"ನೋಡಿದ್ಯಾ? ಹೇಳಬಾರದಾಗಿತ್ತೇನೇ?"

"ಹೇಳೋಣ ಅಂತಾನೇ ಬಂದೆ. ನೀನು ಕೆಂಪು ದೂರದಿಂದ ಯಾಕೆ ಕಾಣುತ್ತೆ ಅಂತ ಕೇಳ್ತಾ ಇದ್ದೆ. ಅದಾದ್ಮೇಲೆ ನೀನೇ ಇನ್ನೊಂದು ಕೇಳ್ದೆ." ಅವಳು ಅಪ್ಪನ ಪಕ್ಕ ಕುಳಿತಳು. "ನೀನು ಯಾವಾಗಲೂ ಕೇಳ್ತಾನೇ ಇದ್ರೆ ನಾನು ಯಾವಾಗ ಕೇಳ್ಲಪ್ಪ?"

ಬೀದಿಯ ಬೈಗುಳಕ್ಕೆ ಜಗ್ಗದ ಮನುಷ್ಯ ಆ ಒಂದು ಮಾತಿಗೆ ಕುಸಿದುಹೋದರು. ಶಾಲೆಯ ಬೆಂಚಿನ ಮೇಲೆ ಹೊರಿಸಿದ್ದ ಅಪವಾದವನ್ನು ಯಾರ ಮೇಲೆ ಹೊರಿಸಬೇಕೆಂದು ಅವರಿಗೆ ಈಗ ತಿಳಿದಿತ್ತು. ಹೆಂಡತಿ ಕೆಲಸದಿಂದ ಬಂದಾಗ ಅವರು ನಡೆದುದನ್ನೆಲ್ಲ ಹೇಳಿದರು. ಆಕೆ ನಗಲಿಲ್ಲ, ಪಕ್ಕದಲ್ಲಿ ಕುಳಿತು, "ನಂಗೂ ಹಾಗೇ ಆಗ್ತಿತ್ತು ಕಣ್ರೀ," ಎಂದು ಮಾತ್ರ ಅಂದಳು.

ಜಾಕೆಟ್‌ಗಳಿಗೆ ಮತ್ತೆ ಬಣ್ಣ ಹಾಕಿ, ನೀರು ತಿಳಿಯಾಗುವವರೆಗೂ ಮನೆಮಂದಿಯೆಲ್ಲ ಸೇರಿ ಜಾಲಿಸಿದರು. ಕೆಲವು ಗಿರಾಕಿಗಳು ತಪ್ಪಿಹೋದರು, ವಾದ್ಯವೃಂದದವರು ಉಳಿದರು. ಇನ್ನು ಸುಮ್ಮನಿರುವ ವಿದ್ಯೆಯನ್ನು ಯಾಕಪ್ಪನವರು ಎಷ್ಟು ಕಷ್ಟಪಟ್ಟು ಕಲಿತರೆಂಬುದನ್ನು ನೋಡಿದವರೇ ನಂಬಬೇಕು. ತುಟಿ ಬಿಗಿದುಕೊಂಡಿರುವರು, ಒಳಗಿನ ಪ್ರಶ್ನೆ ಪೆಪ್ಪರಮಿಂಟಿನಂತೆ ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳುವುದು ಹೊರಗೇ ಕಾಣಿಸುವುದು. ಎಷ್ಟೋ ಸಲ ತಪ್ಪಿ ಬಾಯಿಂದ ಉದುರಿಯೂಬಿಡುವುದು. ಆಗ ಮಗಳ ಮುಖ ನೋಡಿ ನಾಲಿಗೆ ಕಚ್ಚಿಕೊಳ್ಳುವರು.

ಕಡೆಗೊಂದು ಮಧ್ಯಾಹ್ನ, ಒದ್ದೆ ಬಟ್ಟೆಯನ್ನು ಅಪ್ಪ ಒಂದು ಕೊನೆಯಿಂದ, ತಾನೊಂದು ಕೊನೆಯಿಂದ ಹಿಡಿದು ಹಿಂಡುತ್ತಿದ್ದಾಗ, ಮಗಳು ಹೇಳಿದಳು: "ಅಪ್ಪ, ಕಪ್ಪು ಬಟ್ಟೆ ನೆಂದ್ರೆ ಇನ್ನೂ ಕಪ್ಪಾಗುತ್ತೆ. ಒಣಗಿದ್ರೆ ಕಮ್ಮಿಯಾಗುತ್ತೆ. ಆ ಹೆಚ್ಚಿನ ಕಪ್ಪು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?"

ಇಷ್ಟು ವರ್ಷ ಕಾದಿದ್ದ ಮಾತು ಬಂದಾಗ ಅವರು, "ಗೊತ್ತಿಲ್ಲಮ್ಮ," ಎಂದಷ್ಟೇ ಹೇಳಿ, ಬಟ್ಟೆಯ ಕೊನೆಯನ್ನು ಬಿಡದೆ ಹಿಡಿದುಕೊಂಡು ನಿಂತರು. ಅವಳು ಮತ್ತೊಂದು ಕೇಳಿದಳು. ಆಮೇಲೆ ಇನ್ನೊಂದು.

ಜಗತ್ತನ್ನು ತೀರದ ಬೆರಗಿನಿಂದ ನೋಡುವ ಇಂಥ ಮನುಷ್ಯರು ಎಲ್ಲ ಬೀದಿಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ತಮಗೆ ಸಿಕ್ಕ ಸಂತೋಷವನ್ನು ಮಕ್ಕಳ ಮಡಿಲಿಗೆ ಸುರಿಯುವ ಆತುರದಲ್ಲಿ, ಆ ಮಡಿಲು ಆಗಲೇ ತುಂಬಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಕುತೂಹಲ ಅವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಇನ್ನೊಬ್ಬರ ಕುತೂಹಲಕ್ಕೆ ಕಿವಿಗೊಟ್ಟು ಕೂರುವುದನ್ನು ಅವರು ಎಲ್ಲರಂತೆಯೇ, ತಡವಾಗಿ, ಮನೆಯವರ ಕೈಯಲ್ಲೇ ಕಲಿಯಬೇಕಾಗುತ್ತದೆ. ಕಲಿಯದೆಯೇ ಹೋದವರು ಬಹಳ. ಕಲಿತವರ ಮನೆಯ ಮುಂದೆ ಹಾದುಹೋಗುವಾಗ, ಒಳಗೆ ಯಾರೋ ಮಾತಾಡುತ್ತಿರುವುದೂ ಯಾರೋ ಕೇಳಿಸಿಕೊಳ್ಳುತ್ತಿರುವುದೂ, ಎರಡೂ, ನಮಗೆ ಸ್ಪಷ್ಟವಾಗಿ ಕೇಳಿಸುತ್ತವೆ.